ಕೊಟ್ಟರೆ ಬಾರದ ಮೆಣಸು

ಪಜಾರ್ಜಿಕ್ ಪಟ್ಟಣದ ರೈಲು ನಿಲ್ದಾಣದ ಹಿಂದೆ ಎಂಟು ಅಂತಸ್ತಿನ ಒಂದು ಹಳೆಯ ಕಟ್ಟಡವಿದೆ. ಅದರ ನಾಲ್ಕನೆಯ ಮಹಡಿಯ ದೊಬ್ರಿನಾಳ ಹೊಟ್ಟೆಗೆ ಕಿಚ್ಚು ಹತ್ತಿದ್ದು ಒಂದು ಟೊಮೇಟೊ ಹೋಳಿನಿಂದ. ಜುಲೈ ತಿಂಗಳ ಸಂಜೆ. ಮೇಜಿನ ಮೇಲೆ ಹಣ್ಣಿನಿಂದ ಇಳಿಸಿದ ತಣ್ಣನೆಯ ರಾಕಿಯಾ ಸಾರಾಯಿ, ತಟ್ಟೆಯಲ್ಲಿ ಹೆಚ್ಚಿ ಉಪ್ಪುದುರಿಸಿದ ಟೊಮೇಟೊ, ಪಕ್ಕದಲ್ಲಿ ಬಿಳಿ ಚೀಸು. ಅವಳ ಗಂಡ ಪ್ರೊದನ್ ಒಂದು ಹೋಳನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ.

"ಟೊಮೇಟೊ ಅಂದ್ರೆ ಇದು ನೋಡು," ಎಂದ.

"ಅದು ನಂದಲ್ಲ."

"ಗೊತ್ತು ಬಿಡು. ಪಕ್ಕದ್ಮನೆ ಗಿಂಕಾ ಕೊಟ್ಲು. ಮೆಟ್ಟಿಲಲ್ಲಿ ಸಿಕ್ಕಿದ್ಲು, ಒಂದು ಚೀಲ ಕೈಗಿಟ್ಲು."

ಅವರದು ಮೂವತ್ತೊಂದು ವರ್ಷದ ಸಂಸಾರ. ಅಷ್ಟೂ ವರ್ಷ ಪ್ರೊದನ್ ಹೆಂಡತಿ ಬೆಳೆದ ಟೊಮೇಟೊ ತಿಂದುಕೊಂಡೇ ರಾಕಿಯಾ ಕುಡಿದವನು. ಚೆನ್ನಾಗಿದೆ ಎಂದಿದ್ದ, ಇನ್ನೊಂದು ಹೆಚ್ಚು ಎಂದಿದ್ದ, ಒಮ್ಮೆಯೂ ಕಣ್ಣು ಮುಚ್ಚಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಬಾಲ್ಕನಿಯ ಗಿಡಕ್ಕೂ ಸಲ್ಲುತ್ತದೆ ಎಂದು ದೊಬ್ರಿನಾಗೆ ಅಂದು ಗೊತ್ತಾಯಿತು. ಅವಳು ತಟ್ಟೆಯನ್ನು ಎತ್ತಿಕೊಂಡು ಹೋಗಿ ತೊಳೆದಳು. ಅದರಲ್ಲಿ ಇನ್ನೂ ಮೂರು ಹೋಳಿದ್ದವು.

ದೊಬ್ರಿನಾಳ ಬಾಲ್ಕನಿ ಎರಡು ಹೆಜ್ಜೆ ಅಗಲ, ಏಳು ಹೆಜ್ಜೆ ಉದ್ದ. ಅಷ್ಟರಲ್ಲೇ ಅವಳು ಹದಿನಾರು ಬಗೆಯ ಟೊಮೇಟೊ, ಒಂಬತ್ತು ಬಗೆಯ ಖಾರವಿಲ್ಲದ ದಪ್ಪ ಮೆಣಸು ಬೆಳೆಯುತ್ತಿದ್ದಳು. ಚೀಸು ಬರುವ ಚೌಕದ ತಗಡಿನ ಡಬ್ಬ, ಗೋಡೆ ಬಣ್ಣದ ಬಕೆಟ್ಟು, ಕೆಟ್ಟುಹೋದ ಬಟ್ಟೆ ಒಗೆಯುವ ಯಂತ್ರದ ತೂತು ತೂತಿನ ಡ್ರಮ್ಮು, ಅಜ್ಜಿಯ ಕಾಲದ ಎನಾಮಲ್ ಪಾತ್ರೆ, ಮಣ್ಣು ತುಂಬಲು ಬರುವ ಯಾವುದನ್ನೂ ಅವಳು ಕಸಕ್ಕೆ ಹಾಕಿದವಳಲ್ಲ. ಮಾರ್ಚಿನಲ್ಲಿ ಮೊಸರಿನ ಖಾಲಿ ಕಪ್ಪುಗಳಿಗೆ ಬೀಜ ಬಿದ್ದರೆ ಕಿಟಕಿ, ಊಟದ ಮೇಜು, ಟೀವಿಯ ತಲೆ ಎಲ್ಲ ಸಸಿಗಳ ಪಾಲು. ಮೇ ತಿಂಗಳಲ್ಲಿ ಗೆಯೋರ್ಗಿ ಸಂತನ ಹಬ್ಬ ಕಳೆದು ಸಸಿಗಳು ಹೊರಗೆ ಹೋಗುವವರೆಗೆ ಪ್ರೊದನ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣಬೇಕಿತ್ತು. ಜೂನಿನಲ್ಲಿ ತುರಚೆ ಸೊಪ್ಪನ್ನು ಬಕೆಟ್ಟಿನಲ್ಲಿ ಕೊಳೆಹಾಕಿ ಆ ನೀರನ್ನು ಗಿಡಗಳಿಗೆ ಹೊಯ್ಯುವಾಗ ಮೇಲಿನ ಮೂರು ಮಹಡಿಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು, ಬಯ್ಯುತ್ತಿರಲಿಲ್ಲ.

ಎಲ್ಲಕ್ಕೂ ಮುಂದೆ, ಬಿಸಿಲು ಮೊದಲು ಬೀಳುವ ಕಡೆ, ಅವಳ ಅಪ್ಪನ ಟೊಮೇಟೊ ಇರುತ್ತಿತ್ತು. ಅಪ್ಪ ರೈಲ್ವೆ ಗೇಟು ಕಾಯುತ್ತಿದ್ದವನು. ಹಳಿಯ ಪಕ್ಕದಲ್ಲಿ ಎಣ್ಣೆ ಡ್ರಮ್ಮುಗಳಲ್ಲಿ ಅದನ್ನು ಬೆಳೆದು, ಬೀಜ ಉಳಿಸಿ, ಸಾಯುವ ಮುಂಚೆ ಔಷಧದ ಸೀಸೆಯಲ್ಲಿ ಹಾಕಿ ಮಗಳಿಗೆ ಕೊಟ್ಟಿದ್ದ. ತಿಳಿ ಗುಲಾಬಿ ಮೈ, ಹೆಗಲ ಮೇಲೆ ಒಂದಿಷ್ಟು ಹಸಿರು, ಕೊಯ್ದರೆ ಒಳಗೆಲ್ಲ ತಿರುಳೇ. ಅದಕ್ಕೊಂದು ಹೆಸರಿರಲಿಲ್ಲ. ಯಾರು ಬೀಜ ಕೇಳಿದರೂ ದೊಬ್ರಿನಾ, "ಅಯ್ಯೋ, ಈ ಸಲ ಬೀಜಕ್ಕೆ ಬೂಷ್ಟು ಬಂತು ಕಣಮ್ಮ," ಎನ್ನುತ್ತಿದ್ದಳು. ಇಪ್ಪತ್ತು ವರ್ಷದಿಂದ ಅವಳ ಬೀಜಕ್ಕೆ ತಪ್ಪದೆ ಬೂಷ್ಟು ಬರುತ್ತಿತ್ತು.

ಗಿಡಗಳ ವಿಷಯದಲ್ಲಿ ಆ ಕಡೆಯ ಜನಕ್ಕೆ ಕೆಲವು ಕಟ್ಟಳೆಗಳಿವೆ. ಸಸಿ ಈಸಿಕೊಂಡವರು ಉಪಕಾರವಾಯಿತು ಎನ್ನಬಾರದು, ಎಂದರೆ ಸಸಿ ಬಾಡುತ್ತದೆ. ಹೂವಿನ ಕಡ್ಡಿಯಾದರೆ ಕದ್ದೇ ತರಬೇಕು, ಕೇಳಿ ತಂದದ್ದು ಬೇರು ಬಿಡುವುದಿಲ್ಲ. ದೊಬ್ರಿನಾಳ ಅಡುಗೆಮನೆ ಕಿಟಕಿಯಲ್ಲಿ ಕೆಂಪಗೆ ಅರಳುವ ಜೆರೇನಿಯಂ ಹಲ್ಲಿನ ಡಾಕ್ಟರ ಕಿಟಕಿಯಿಂದ ಮುರಿದು ಕೈಚೀಲಕ್ಕೆ ಹಾಕಿಕೊಂಡು ಬಂದದ್ದು. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಆದರೆ ಅದು ಹೂವಿಗೆ. ತಿನ್ನುವ ಗಿಡಕ್ಕೆ ಆ ಮಾತು ಇದೆಯೆಂದು ದೊಬ್ರಿನಾ ಕೇಳಿರಲಿಲ್ಲ.

ಗಿಂಕಾ ಬಂದದ್ದು ಆ ವರ್ಷದ ಫೆಬ್ರವರಿಯಲ್ಲಿ, ಮರಿತ್ಸಾ ಹೊಳೆದಂಡೆಯ ಯಾವುದೋ ಹಳ್ಳಿಯಿಂದ. ಐವತ್ತೈದರ ವಿಧವೆ, ಮೈ ತುಂಬಿಕೊಂಡವಳು, ಮಾತಿಗೆ ಮುಂಚೆ ನಗು. ಸಾಮಾನು ಅಂತ ತಂದದ್ದು ಒಂದು ಮಂಚ, ಒಂದು ಬೀರು, ನಲವತ್ತೊಂದು ಚೀಸಿನ ಡಬ್ಬ. ಲಿಫ್ಟು ಕೆಟ್ಟಿತ್ತು. ಕಟ್ಟಡದ ಗಂಡಸರೆಲ್ಲ ಸಾಲು ನಿಂತು ಡಬ್ಬಗಳನ್ನು ಕೈಯಿಂದ ಕೈಗೆ ಸಾಗಿಸಿದರು, ಪ್ರೊದನ್ ಎಲ್ಲರಿಗಿಂತ ಮುಂದೆ. ಬೇಸಗೆಯ ಹೊತ್ತಿಗೆ ಆ ಬಾಲ್ಕನಿಯಲ್ಲಿ ಹಳದಿ ಪೇರಳೆಯಂಥ ಟೊಮೇಟೊ, ಕಪ್ಪು ಟೊಮೇಟೊ, ಪಟ್ಟೆ ಪಟ್ಟೆಯ ಟೊಮೇಟೊ, ಗುಂಡು ಮೆಣಸು, ಚಪ್ಪಟೆ ಮೆಣಸು, ಕುರಿಕೊಂಬಿನಂತೆ ಸುರುಳಿ ಸುತ್ತಿದ ಮೆಣಸು ಎಲ್ಲ ನೇತಾಡತೊಡಗಿದವು. ಎರಡು ಬಾಲ್ಕನಿಗಳ ನಡುವೆ ಒಂದು ಮಬ್ಬು ಗಾಜಿನ ತಡಿಕೆ. ಅದರ ಕೆಳಮೂಲೆ ಒಡೆದಿತ್ತು. ದೊಬ್ರಿನಾ ನೆಲ ಒರೆಸುವ ನೆಪದಲ್ಲಿ ಮಂಡಿಯೂರಿ ಆ ಮೂಲೆಗೆ ಕಣ್ಣಿಡುತ್ತಿದ್ದಳು. ಬಾಲ್ಕನಿಯ ನೆಲ ಅಷ್ಟು ಚೊಕ್ಕಟವಾಗಿ ಹಿಂದೆಂದೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಸೆಪ್ಟೆಂಬರು ಬಂತು.

ಸೆಪ್ಟೆಂಬರಿನ ಎರಡನೆಯ ಶನಿವಾರ ಕಟ್ಟಡದ ಹಿಂದಿನ ಅಂಗಳದಲ್ಲಿ ಲ್ಯುತೆನಿತ್ಸ ಕುದಿಯುತ್ತದೆ. ಸುಟ್ಟು ಸಿಪ್ಪೆ ಸುಲಿದ ಕೆಂಪು ಮೆಣಸು, ಟೊಮೇಟೊ, ಒಂದಷ್ಟು ಎಣ್ಣೆ ಎಲ್ಲವನ್ನೂ ದೊಡ್ಡ ಹಂಡೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ತಿರುವಿ ತಿರುವಿ ಗಟ್ಟಿ ಗೊಜ್ಜು ಮಾಡುತ್ತಾರೆ. ಹದಿನಾಲ್ಕು ಮನೆಗೆ ಚಳಿಗಾಲವಿಡೀ ಬ್ರೆಡ್ಡಿಗೆ ಬಳಿದುಕೊಳ್ಳಲು ಅದೇ. ತಿರುವುವುದನ್ನು ಯಾರು ಬೇಕಾದರೂ ತಿರುವಬಹುದು, ಉಪ್ಪು ಮಾತ್ರ ಒಬ್ಬಳೇ ಹಾಕಬೇಕು. ಅದು ಯಾರೆಂದು ತೀರ್ಮಾನಿಸುವವಳು ಮೊದಲ ಮಹಡಿಯ ತಿಂಕಾ ಅಜ್ಜಿ. ತೊಂಬತ್ತಕ್ಕೆ ಹತ್ತಿರದವಳು, ಕಣ್ಣು ಮಂಜಾಗಿದೆ. ಮನೆಮನೆಯವರೂ ತಾವು ಬೆಳೆದ ಮೆಣಸನ್ನು ಸುಟ್ಟು ತಟ್ಟೆಯಲ್ಲಿ ಅವಳ ಮುಂದಿಡಬೇಕು. ಒಂದೊಂದರಲ್ಲಿ ಒಂದೊಂದು ಸೀಳು ಬ್ರೆಡ್ಡಿನ ಜೊತೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಯಾರ ತಟ್ಟೆಗೆ ಅವಳ ಕೈ ಎರಡನೆಯ ಸಲ ಹೋಗುತ್ತದೋ ಅವಳಿಗೆ ಉಪ್ಪಿನ ನೀಲಿ ಲೋಟ.

ಹದಿನೆಂಟು ವರ್ಷ ಆ ಲೋಟ ದೊಬ್ರಿನಾಳದೇ. ಡಬ್ಬಿ ಕಾರ್ಖಾನೆಯಲ್ಲಿ ಅವಳು ಇಪ್ಪತ್ತೆರಡು ವರ್ಷ ಬೆಲ್ಟಿನ ಮುಂದೆ ನಿಂತು ಕೊಳೆತ ಹಣ್ಣು ಆರಿಸಿದ್ದಳು. ಕಾರ್ಖಾನೆ ಮುಚ್ಚಿದಾಗ ಅವಳ ಹೆಸರು ನೆನಪಿದ್ದವರು ಯಾರೂ ಇರಲಿಲ್ಲ. ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆ ಒಂದು ಶನಿವಾರ ಮಾತ್ರ ಹದಿನಾಲ್ಕು ಮನೆಯವರು ಮಾತು ನಿಲ್ಲಿಸಿ ಅವಳ ಮುಷ್ಟಿಯನ್ನು ನೋಡುತ್ತಿದ್ದರು. ಉಪ್ಪಿಗಿಂತ ರುಚಿಯಿಲ್ಲ ಎನ್ನುತ್ತಾರಲ್ಲ, ದೊಬ್ರಿನಾಳ ವರ್ಷಕ್ಕೆ ರುಚಿ ಕೊಡುತ್ತಿದ್ದದ್ದು ಆ ಒಂದು ಹಿಡಿ ಉಪ್ಪು.

ಆ ಸೆಪ್ಟೆಂಬರಿನಲ್ಲಿ ಅಜ್ಜಿಯ ಕೈ ಎರಡನೆಯ ಸಲ ಗಿಂಕಾಳ ತಟ್ಟೆಗೆ ಹೋಯಿತು. ಮೂರನೆಯ ಸಲವೂ ಹೋಯಿತು.

"ಏನಿದು, ಹುಡುಗಿ?" ಎಂದಳು ಅಜ್ಜಿ.

"ನಮ್ಮತ್ತೆ ಮೆಣಸು ಅಜ್ಜಿ. ನಮ್ಮತ್ತೆ ಬಿಟ್ಟುಹೋಗಿದ್ದು ಇದೊಂದೇ."

"ಅತ್ತೆ ಹೆಸರಿಟ್ಕೊಂಡು ಇಷ್ಟು ಸಿಹಿಯಾಗಿರೋದು ಪ್ರಪಂಚದಲ್ಲಿ ಇದೊಂದೇ ಇರ್ಬೇಕು," ಎಂದು ಅಜ್ಜಿ ಲೋಟವನ್ನು ಗಿಂಕಾಳ ಕೈಗಿತ್ತಳು. ಎಲ್ಲರೂ ನಕ್ಕರು. ದೊಬ್ರಿನಾ ಕೂಡ ನಕ್ಕಳು, ಹೊಟ್ಟೆಯೊಳಗೆ ಸೌದೆ ಉರಿಯುತ್ತಿರುವಾಗ ಎಷ್ಟು ನಗಬಹುದೋ ಅಷ್ಟು.

ಗಿಂಕಾಳ ಬಗ್ಗೆ ಒಂದು ಕೆಟ್ಟ ಮಾತು ಹುಡುಕಬೇಕೆಂದರೆ ಸಿಗುತ್ತಿರಲಿಲ್ಲ, ಅದೇ ದೊಬ್ರಿನಾಗೆ ತಡೆಯಲಾಗುತ್ತಿರಲಿಲ್ಲ. ಕೇಳಿದವರಿಗೆಲ್ಲ ಬೀಜ ಕೊಡುತ್ತಿದ್ದಳು. ಚಳಿಗಾಲದಲ್ಲಿ ಹಳೆಯ ಲಕೋಟೆಗಳಲ್ಲಿ ಕಟ್ಟಿ, ಹೆಸರು ಬರೆದು, ಮನೆಮನೆಯ ಅಂಚೆ ಡಬ್ಬಿಯಲ್ಲಿ ತಾನೇ ಹಾಕಿ ಬರುತ್ತಿದ್ದಳು. ದೊಬ್ರಿನಾಳ ಡಬ್ಬಿಯಲ್ಲಿ ಹನ್ನೊಂದು ಲಕೋಟೆ ಬಂದಿದ್ದವು. ಅತ್ತೆಯ ಮೆಣಸು ಮಾತ್ರ ಅದರಲ್ಲಿರಲಿಲ್ಲ. ಜನವರಿಯಲ್ಲಿ ಒಂದು ದಿನ, ಹಿಟ್ಟು ಸಾಲ ಕೇಳಲು ಹೋದವಳಂತೆ ಹೋಗಿ, ದೊಬ್ರಿನಾ ಬಾಯಿಬಿಟ್ಟಳು.

"ಆ ನಿಮ್ಮತ್ತೆ ಮೆಣಸಿನ ಬೀಜ ಒಂದು ನಾಲ್ಕು ಇದ್ರೆ ನೋಡು ಗಿಂಕಾ. ಜಾಸ್ತಿ ಬೇಡ."

ಗಿಂಕಾ ಹಿಟ್ಟು ಅಳೆಯುತ್ತಿದ್ದವಳು ಕೈ ನಿಲ್ಲಿಸಿದಳು. "ಅದು ಕೊಟ್ರೆ ಬರಲ್ಲ ಅಕ್ಕ," ಎಂದಳು. "ಬೇರೆ ಏನ್ ಬೇಕಾದ್ರೂ ಕೇಳು."

ಕೊಟ್ರೆ ಬರಲ್ವಂತೆ. ದೊಬ್ರಿನಾ ಹಿಟ್ಟು ತೆಗೆದುಕೊಂಡು ಬಂದು ಗಂಡನ ಮುಂದೆ ಬಟ್ಟಲನ್ನು ಕುಕ್ಕಿದಳು. "ಜಿಪುಣಿ. ಬಾಯಲ್ಲಿ ಅಕ್ಕ, ಕೈಯಲ್ಲಿ ಸೊನ್ನೆ. ಊರಿಗೆಲ್ಲಾ ಹಂಚ್ತಾಳಂತೆ, ಹೂರಣ ಮಾತ್ರ ತಾನೇ ಇಟ್ಕೊಂಡಿದಾಳೆ."

"ನೀನು ನಿಮ್ಮಪ್ಪನ ಟೊಮೇಟೊ ಬೀಜ ಯಾರಿಗೆ ಕೊಟ್ಟಿದೀಯ?" ಎಂದ ಪ್ರೊದನ್, ಪತ್ರಿಕೆಯಿಂದ ತಲೆಯೆತ್ತದೆ.

ಆ ರಾತ್ರಿ ಅವನಿಗೆ ಸಾರಿನಲ್ಲಿ ಮಾಂಸ ಬರಲಿಲ್ಲ.

ಮೇ ತಿಂಗಳು ಬಂದಾಗ ಗಿಂಕಾ ಒಂದು ಹಣ್ಣಿನ ಪೆಟ್ಟಿಗೆಯಲ್ಲಿ ಸಸಿಯ ಕಪ್ಪುಗಳನ್ನು ಜೋಡಿಸಿ, ಇಬ್ಬರ ಬಾಗಿಲ ನಡುವೆ ಮೆಟ್ಟಿಲ ಕಟ್ಟೆಯ ಮೇಲೆ ತಂದಿಟ್ಟಳು. ಹೊರಗಿನ ಗಾಳಿಗೆ ಒಗ್ಗಲಿ ಅಂತ, ಎಂದಳು. ಬಾಲ್ಕನಿ ಇರುವವಳಿಗೆ ಮೆಟ್ಟಿಲ ಗಾಳಿ ಯಾಕೆ ಬೇಕಿತ್ತು? ಮೆರೆಯೋಕೆ, ಎಂದುಕೊಂಡಳು ದೊಬ್ರಿನಾ. ನನ್ನ ಕಣ್ಣಿಗೆ ಹೊಡೆಯಲಿ ಅಂತಲೇ ಇಟ್ಟಿದ್ದಾಳೆ. ಪ್ರತಿ ಕಪ್ಪಿನಲ್ಲೂ ಹಳೆಯ ಕಿಟಕಿ ಪರದೆಯ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಹೆಸರು ಬರೆದು ಚುಚ್ಚಿದ್ದಳು; ಅತ್ತಿತ್ತ ಹೋಗುವಾಗಲೆಲ್ಲ "ಅತ್ತೆ" ಎಂಬ ಪಟ್ಟಿ ಮೊದಲು ಕಾಣುವಂತಿತ್ತು. ಮೂರು ದಿನ ಸಹಿಸಿ, ನಾಲ್ಕನೆಯ ದಿನ ದೊಬ್ರಿನಾ ಕಟ್ಟಡ ನೋಡಿಕೊಳ್ಳುವವನ ಬಳಿ ಹೋಗಿ, ಬೆಂಕಿಗಿಂಕಿ ಬಿದ್ದರೆ ಜನ ಓಡುವುದು ಹೇಗೆ ಎಂದು ಕೇಳಿದಳು. ಮರುದಿನ ಗೋಡೆಯ ಮೇಲೆ ನೋಟಿಸು ಬಂತು: ಮೆಟ್ಟಿಲ ಮೇಲೆ ಪೆಟ್ಟಿಗೆ, ಗಿಡ, ಸೈಕಲ್ಲು ಇಡಕೂಡದು. ಗಿಂಕಾ ಅದನ್ನು ನಿಧಾನವಾಗಿ ಓದಿ, ನಿಟ್ಟುಸಿರು ಬಿಟ್ಟು, ಪೆಟ್ಟಿಗೆಯನ್ನು ಒಳಗೆ ತೆಗೆದುಕೊಂಡು ಹೋದಳು. ಬಾಗಿಲ ಕಿಂಡಿಯಿಂದ ನೋಡುತ್ತಿದ್ದ ದೊಬ್ರಿನಾಗೆ ಅಂದು ಬಹಳ ದಿನದ ಮೇಲೆ ಊಟ ರುಚಿಸಿತು.

ಸೆಪ್ಟೆಂಬರಿನಲ್ಲಿ ಲೋಟ ಮತ್ತೆ ಗಿಂಕಾಗೇ ಹೋಯಿತು.

ಇನ್ನೊಂದು ಮೇ ಬಂತು. ನೋಟಿಸು ಗೋಡೆಯ ಮೇಲಿದ್ದಂತೆಯೇ ಪೆಟ್ಟಿಗೆ ಮತ್ತೆ ಕಟ್ಟೆಯ ಮೇಲೆ ಬಂತು. ಗೆಯೋರ್ಗಿ ಸಂತನ ಹಬ್ಬದ ಮಾರನೆಯ ಬೆಳಿಗ್ಗೆ ಗಿಂಕಾ ಜಮಖಾನೆ ಕೊಡವಲು ಅಂಗಳಕ್ಕೆ ಇಳಿದಿದ್ದಳು. ಕೆಳಗಿನಿಂದ ಧಪ್ ಧಪ್ ಸದ್ದು ಕೇಳುತ್ತಿತ್ತು. ದೊಬ್ರಿನಾ ಕಸದ ಚೀಲ ಹಿಡಿದು ಬಾಗಿಲು ತೆರೆದವಳು ಪೆಟ್ಟಿಗೆಯ ಮುಂದೆ ನಿಂತಳು. ಅತ್ತೆಯ ಸಸಿಗಳು ಆರಿದ್ದವು. ಆರರಲ್ಲಿ ಒಂದು ಹೋದರೆ ಯಾರಿಗೆ ಗೊತ್ತಾಗುತ್ತದೆ? ಹಾಗಂದುಕೊಳ್ಳುವಷ್ಟರಲ್ಲಿ ಕಪ್ಪು ಅವಳ ಏಪ್ರನ್ನಿನ ಒಳಗಿತ್ತು. ಐವತ್ತೆಂಟು ವರ್ಷದ ಹೆಂಗಸು, ಕಾರ್ಖಾನೆಯಿಂದ ಒಂದು ಹಣ್ಣು ಮನೆಗೆ ತಂದವಳಲ್ಲ. ಬಾಗಿಲು ಹಾಕಿಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತಳು. ಕಸದ ಚೀಲ ಮೆಟ್ಟಿಲ ಮೇಲೆಯೇ ಉಳಿದಿತ್ತು.

ಹತ್ತು ನಿಮಿಷದಲ್ಲಿ ಬಾಗಿಲ ಕರೆಗಂಟೆ ಸದ್ದಾಯಿತು. ಗಿಂಕಾ ಕಸದ ಚೀಲ ಹಿಡಿದು ನಿಂತಿದ್ದಳು.

"ಇದನ್ನ ಮರ್ತಿದೀಯ ಅಕ್ಕ. ಕೆಳಗೆ ಹಾಕ್ಲಾ, ಹೆಂಗೆ?"

"ನಾನು ಎಲ್ಲೂ ಹೋಗಿರ್ಲಿಲ್ಲ," ಎಂದಳು ದೊಬ್ರಿನಾ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಅವಳ ಕೈ ಏಪ್ರನ್ನಿಗೆ ಹೋಯಿತು.

ಗಿಂಕಾ ಏಪ್ರನ್ನನ್ನು ನೋಡಿದಳು. "ಮಣ್ಣಾಗಿದೆ ನೋಡು ಅಕ್ಕ," ಎಂದು ಹೇಳಿ, ಚೀಲ ಕೊಟ್ಟು, ಏನೋ ಗುನುಗುತ್ತ ತನ್ನ ಮನೆಗೆ ಹೋದಳು. ಆ ಮಧ್ಯಾಹ್ನವೇ ಪೆಟ್ಟಿಗೆಯನ್ನೂ ಒಳಗೆ ಸೇರಿಸಿದಳು. ಎಣಿಸಿ ನೋಡುವಷ್ಟು ಬುದ್ಧಿಯೂ ಇಲ್ಲ ಇವಳಿಗೆ, ಎಂದು ದೊಬ್ರಿನಾ ಸಮಾಧಾನ ಮಾಡಿಕೊಂಡಳು.

ಕದ್ದ ಸಸಿಗೆ ಅಜ್ಜಿಯ ಎನಾಮಲ್ ಪಾತ್ರೆ ಸಿಕ್ಕಿತು, ಒಳ್ಳೆಯ ಮಣ್ಣು ಸಿಕ್ಕಿತು, ಅಪ್ಪನ ಟೊಮೇಟೊ ಪಕ್ಕದ ಬಿಸಿಲು ಸಿಕ್ಕಿತು. ಒಡೆದ ಗಾಜಿನ ಮೂಲೆಯಿಂದ ಕಾಣಬಾರದೆಂದು ಅವಳು ತಡಿಕೆಯ ಉದ್ದಕ್ಕೂ ಒಂದು ದುಪ್ಪಟಿ ಒಣಹಾಕಿದಳು. ಹಳೆಯದು, ಒಗೆದು ಒಗೆದು ಹಳದಿ ತಿರುಗಿದ್ದು.

"ಆ ದುಪ್ಪಟಿ ಎರಡು ತಿಂಗಳಿಂದ ಒಣಗ್ತಾನೇ ಇದೆಯಲ್ಲೇ," ಎಂದ ಪ್ರೊದನ್ ಜುಲೈಯಲ್ಲಿ.

"ದಪ್ಪ ಬಟ್ಟೆ. ಬೇಗ ಒಣಗಲ್ಲ."

ಗಿಡ ಅವಳ ಸೊಂಟದವರೆಗೆ ಬೆಳೆಯಿತು. ಬೆಳಿಗ್ಗೆ ಎದ್ದು ಮೊದಲು ಅದರ ಮುಖ ನೋಡುವಳು. ಕಂಕುಳಿನ ಕುಡಿ ಚಿವುಟುವಾಗ ಮೆಲ್ಲನೆ ಮಾತಾಡಿಸುವಳು. ಹದಿನಾರು ಬಗೆಯ ಟೊಮೇಟೊಗಳಿಗೆ ಆ ವರ್ಷ ತಾಯಿ ಇರಲಿಲ್ಲ ಎನ್ನಬೇಕು. ಆಗಸ್ಟಿನಲ್ಲಿ ಇಪ್ಪತ್ತಮೂರು ಕಾಯಿ ಕೆಂಪಾದವು, ಒಂದೊಂದೂ ಗೇಣುದ್ದ, ಹೊಳಪಿಗೆ ಮುಖ ಕಾಣುವಂಥವು. ಆದರೆ ಯಾರಿಗೆ ತೋರಿಸುವುದು? ನೆಂಟರು ಬಂದಾಗ ಬಾಲ್ಕನಿಯ ಬಾಗಿಲು ಹಾಕಬೇಕು. ಗಂಡನಿಗೂ ಹೇಳುವಂತಿಲ್ಲ. ಹೊಟ್ಟೆಕಿಚ್ಚಿನಿಂದ ತಂದದ್ದನ್ನು ಹೇಳಿಕೊಂಡು ಮೆರೆಯಲಾಗದೆ ಅವಳು ಆ ಬೇಸಗೆಯಲ್ಲಿ ಸೊರಗಿದಳು.

ಒಂದೇ ಸಮಾಧಾನವಿತ್ತು. ಸುಟ್ಟು, ತೊಟ್ಟು ಕಿತ್ತು, ಸಿಪ್ಪೆ ಸುಲಿದು ಸೀಳಿಟ್ಟ ಮೇಲೆ ಎಲ್ಲ ಮೆಣಸೂ ನೋಡಲು ಒಂದೇ. ಅಂಗಳದಲ್ಲಿ ಎಲ್ಲರ ಜೊತೆ ಸುಡದೆ, ತನ್ನ ಮೆಣಸು ಸುಡುವ ಯಂತ್ರದ ವೈರು ಕೆಟ್ಟಿದೆ, ಮನೆಯಲ್ಲೇ ಒಲೆಯ ಮೇಲೆ ಸುಟ್ಟು ತರುತ್ತೇನೆ ಎಂದಳು. ಶನಿವಾರ ಬೆಳಿಗ್ಗೆ ತಟ್ಟೆ ಹಿಡಿದು ಮೆಟ್ಟಿಲಿಳಿಯುವಾಗ ಅವಳ ಮನಸ್ಸಿನಲ್ಲಿದ್ದುದು ನೀಲಿ ಲೋಟ ಮಾತ್ರ.

ಹಂಡೆಯ ಕೆಳಗೆ ಬೆಂಕಿ ಹತ್ತಿತ್ತು. ತಿಂಕಾ ಅಜ್ಜಿ ಕುರ್ಚಿಯಲ್ಲಿ ಕೂತು ಬ್ರೆಡ್ಡು ಮುರಿದುಕೊಂಡಳು. ಮೊದಲು ಗಿಂಕಾಳ ತಟ್ಟೆಯ ಸೀಳು ತಿಂದು ತಲೆಯಾಡಿಸಿದಳು. ಇನ್ನೂ ನಾಲ್ಕು ಮನೆಯದು ತಿಂದಳು. ದೊಬ್ರಿನಾಳದು ಬಾಯಿಗೆ ಹೋಗುತ್ತಲೇ ಅಗಿಯುವುದು ನಿಂತಿತು. ಕೈ ಎರಡನೆಯ ಸಲ ಅದೇ ತಟ್ಟೆಗೆ ಬಂತು. ಆಮೇಲೆ ಆ ಕೈ ಹೊರಳಿ, ತಡಕಾಡಿ, ಗಿಂಕಾಳ ತಟ್ಟೆಗೂ ಇನ್ನೊಮ್ಮೆ ಹೋಯಿತು.

"ಇವೆರಡೂ ಒಂದೇ ತಾಯಿ ಮಕ್ಕಳು," ಎಂದಳು ಅಜ್ಜಿ. "ಈ ತಟ್ಟೆ ಯಾರ್ದು?"

"ನಂದು ಅಜ್ಜಿ. ದೊಬ್ರಿನಾ."

"ಗಿಂಕಾನ ಮೆಣಸು ನಿನ್ನ ತಟ್ಟೆಗೆ ಹೆಂಗೆ ಬಂತು? ಅವಳು ಅದನ್ನ ಯಾರಿಗೂ ಕೊಡಲ್ವಲ್ಲ."

ಹದಿನಾಲ್ಕು ಮನೆಯವರೂ ಮಾತು ನಿಲ್ಲಿಸಿದರು. ಪ್ರೊದನ್ ಸೌದೆ ಹಿಡಿದವನು ಹಾಗೇ ನಿಂತ. ಅವನಿಗೆ ದುಪ್ಪಟಿಯ ಅರ್ಥ ಆಗತೊಡಗಿತ್ತು. ಸಂತೆಯಲ್ಲಿ ಸಿಕ್ಕಿತು ಎನ್ನಲು ದೊಬ್ರಿನಾ ಬಾಯಿ ತೆರೆದಳು. ಅಷ್ಟರಲ್ಲಿ ಗಿಂಕಾ ಒಂದು ಹೆಜ್ಜೆ ಮುಂದೆ ಬಂದಳು. ಅವಳು ಏನು ಹೇಳಲು ಬಂದಿದ್ದಾಳೆಂದು ದೊಬ್ರಿನಾಗೆ ತಟ್ಟನೆ ಹೊಳೆಯಿತು: ನಾನೇ ಕೊಟ್ಟೆ ಎನ್ನುತ್ತಾಳೆ. ನಕ್ಕು, ದೊಡ್ಡ ಮನಸ್ಸು ಮಾಡಿ, ಎಲ್ಲರೆದುರು ತನ್ನನ್ನು ಉಳಿಸುತ್ತಾಳೆ. ಜೀವಮಾನವಿಡೀ ಅವಳ ಋಣದಲ್ಲಿ ಇರುವುದಕ್ಕಿಂತ ಕಳ್ಳಿ ಅನ್ನಿಸಿಕೊಳ್ಳುವುದೇ ವಾಸಿ.

"ಕದ್ದೆ," ಎಂದಳು ದೊಬ್ರಿನಾ ಗಟ್ಟಿಯಾಗಿ. "ಮೇ ತಿಂಗಳಲ್ಲಿ. ಅವಳ ಪೆಟ್ಟಿಗೆಯಿಂದ. ನಾನೇ ಕದ್ದೆ."

ಗಿಂಕಾ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು. "ಸದ್ಯ, ಬಾಯಿಬಿಟ್ಟೆಯಲ್ಲ ಅಕ್ಕ. ಎಲ್ಲಿ ಸಂತೇಲಿ ಸಿಕ್ತು ಅಂತೀಯೋ ಅಂತ ಭಯವಾಗಿತ್ತು ನಂಗೆ."

"ಏನಂದೆ?"

"ಅದು ಕೊಟ್ರೆ ಬರಲ್ಲ ಅಂತ ಹೇಳಿದ್ನಲ್ಲ. ಕದ್ರೇನೇ ಬರೋದು. ನಮ್ಮ ಕಡೆ ಹೂವಿಗೆ ಹೆಂಗೋ ಹಂಗೇ ಈ ಮೆಣಸಿಗೂ. ನಾನು ಮದ್ವೆ ಆಗಿ ಬಂದಾಗ ನಮ್ಮತ್ತೆ ಮೂರು ವರ್ಷ ಇದರ ಸಸಿ ಬೇಲಿ ಪಕ್ಕ ಇಟ್ಟು ಒಳಗೆ ಹೋಗೋರು. ನಾನು ದಡ್ಡಿ, ಮರೆತಿದ್ದಾರೆ ಅಂತ ಎತ್ತಿ ಎತ್ತಿ ಒಳಗೆ ತಂದುಕೊಡ್ತಿದ್ದೆ. ನಾಲ್ಕನೇ ವರ್ಷ ಅವರ ಮೇಲೆ ಸಿಟ್ಟು ಬಂದು ಕದ್ದೆ. ಆವತ್ತೇ ಅವರು ನನ್ನ ಮಗಳೇ ಅಂತ ಕರೆದಿದ್ದು." ಗಿಂಕಾ ಸುತ್ತ ನೋಡಿದಳು. "ಅಕ್ಕನಿಗೂ ಹೋದ ವರ್ಷ ಮೆಟ್ಟಿಲ ಮೇಲೆ ಇಟ್ಟೆ. ಹೆಸರು ಬರೆದು, ಕಣ್ಣಿಗೆ ಬೀಳೋ ಹಂಗೆ ಇಟ್ಟೆ. ಅಕ್ಕ ಹೋಗಿ ನೋಟಿಸ್ ಅಂಟಿಸಿಬಿಟ್ಲು."

ಅಂಗಳವೆಲ್ಲ ನಗುವಾಯಿತು. ಯಾರೋ ಚಮಚೆಯಿಂದ ಹಂಡೆ ಬಡಿದರು. ಪ್ರೊದನನಂತೂ ಸೌದೆ ಕೆಳಗಿಟ್ಟು ಕಣ್ಣೊರೆಸಿಕೊಂಡು ನಕ್ಕ.

"ಬಾಯಿಬಿಟ್ಟು ಹೇಳ್ಬಾರ್ದಾಗಿತ್ತಾ?" ಎಂದಳು ದೊಬ್ರಿನಾ.

"ಹೇಳಿದ್ರೆ ಕೊಟ್ಟಂಗೇ ಅಲ್ವಾ ಅಕ್ಕ?"

"ಹದಿನಾಲ್ಕು ಮನೆ ಇದೆ ಇಲ್ಲಿ. ನಂಗೇ ಯಾಕೆ ಇಟ್ಟೆ?"

"ಬೇರೆಯವರಿಗೆ ಅಷ್ಟು ಬೇಕಾಗಿರ್ಲಿಲ್ಲ," ಎಂದಳು ಗಿಂಕಾ, ಸ್ವಲ್ಪ ಮೆಲ್ಲಗೆ. "ಒಡೆದ ಗಾಜಿನ ಹತ್ರ ಬಗ್ಗಿ ಬಗ್ಗಿ ನೋಡ್ತಿದ್ದೋಳು ನೀನೊಬ್ಳೇ."

ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತ್ತು. ತಿಂಕಾ ಅಜ್ಜಿ ಕೈಯೆತ್ತಿ ನಗು ನಿಲ್ಲಿಸಿದಳು. "ಸಾಕು, ಹಂಡೆ ತಳ ಹಿಡೀತಿದೆ. ಇವೆರಡರಲ್ಲಿ ದೊಬ್ರಿನಾಂದೇ ಒಂದು ಗುಲಗಂಜಿ ಜಾಸ್ತಿ ಸಿಹಿ. ಗಿಂಕಾಗೆ ನಲವತ್ತು ಮಕ್ಕಳು. ಇವಳು ಒಂದೇ ಮಗುನ ಸಾಕಿದಂಗೆ ಸಾಕಿದಾಳೆ. ತಗೋ, ಹಾಕು ಉಪ್ಪು."

ನೀಲಿ ಲೋಟ ದೊಬ್ರಿನಾಳ ಕೈಗೆ ಬಂತು. ಎರಡು ವರ್ಷ ಕನಸಿನಲ್ಲಿ ಕಂಡ ಲೋಟ. ಅವಳು ಹಂಡೆಯ ಮುಂದೆ ನಿಂತು ಹಿಡಿ ಹಿಡಿಯಾಗಿ ಉಪ್ಪು ಹಾಕಿದಳು. ಕೈಗೆ ಅಳತೆ ಗೊತ್ತಿತ್ತು. ಎಲ್ಲರೂ ಅವಳ ಮುಷ್ಟಿಯನ್ನೇ ನೋಡುತ್ತಿದ್ದರು. ಆದರೆ ಅವಳ ಹೊಟ್ಟೆಯ ಉರಿ ಆರಲಿಲ್ಲ, ಇನ್ನೂ ಒಂದು ಹಿಡಿ ಹೆಚ್ಚಾಯಿತು. ಲೋಟ ಗಿಂಕಾ ಕೊಡಿಸಿದ್ದು. ಮೆಣಸು ಗಿಂಕಾಳದು. ಕೊನೆಗೆ ತಾನು ಮಾಡಿದ ಕಳ್ಳತನವೂ ಗಿಂಕಾ ದಾನ ಮಾಡಿದ್ದು. ಕಣ್ಣಿಗೆ ಬಂದ ನೀರನ್ನು ಅವಳು ಹೊಗೆಯ ಮೇಲೆ ಹಾಕಿದಳು.

ಆ ಚಳಿಗಾಲದ ಲ್ಯುತೆನಿತ್ಸ ಬಹಳ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ದೊಬ್ರಿನಾ ತನ್ನ ಪಾಲಿನ ಸೀಸೆಗಳನ್ನು ಗಂಡನಿಗೆ ಬಿಟ್ಟುಕೊಟ್ಟಳು. ಗಿಂಕಾ ಎದುರು ಸಿಕ್ಕಾಗಲೆಲ್ಲ ಅಕ್ಕ ಅನ್ನುತ್ತಿದ್ದಳು, ಅವಳು ಹೂಂ ಅನ್ನುತ್ತಿದ್ದಳು. ಕಿಟಕಿಯ ಬಳಿ ಕೂತು ಒಂದೇ ವಿಷಯ ಯೋಚಿಸುತ್ತಿದ್ದಳು: ಇವಳಿಗೆ ನನ್ನದು ಏನಾದರೂ ಬೇಕು ಅನ್ನಿಸಿದೆಯೇ? ಮೂರು ವರ್ಷದಲ್ಲಿ ಒಂದು ಸಲ? ಗಾಜಿನ ಆ ಕಡೆಯಿಂದ ಬಗ್ಗಿ ನೋಡಿದ್ದುಂಟೇ? ಅವಳಿಗೂ ಒಮ್ಮೆ ಹೊಟ್ಟೆ ಉರಿಯಬೇಕು. ಒಂದು ದಿನಕ್ಕಾದರೂ ಉರಿಯಬೇಕು.

ಮಾರ್ಚಿನಲ್ಲಿ ಅವಳು ಔಷಧದ ಸೀಸೆಯ ಮುಚ್ಚಳ ತೆಗೆದು ಅಪ್ಪನ ಟೊಮೇಟೊ ಬೀಜವನ್ನು ಪ್ರತಿವರ್ಷಕ್ಕಿಂತ ಒಂದು ಕಪ್ಪು ಹೆಚ್ಚು ಹಾಕಿದಳು. ಮೇ ತಿಂಗಳಲ್ಲಿ, ಹಬ್ಬದ ಮಾರನೆಯ ಬೆಳಿಗ್ಗೆ, ನೋಟಿಸಿನ ಕೆಳಗೇ ಒಂದು ಪೆಟ್ಟಿಗೆ ಇಟ್ಟಳು. ಪೆಟ್ಟಿಗೆಯಲ್ಲಿ ಎಂಟು ಮಾಮೂಲು ಸಸಿ, ನಡುವೆ ಅಪ್ಪನದು ಒಂದು. ಪಟ್ಟಿಯ ಮೇಲೆ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿ "ಅಪ್ಪ" ಎಂದು ಬರೆದಿದ್ದಳು. ಆಮೇಲೆ ಬಾಗಿಲು ಹಾಕಿ, ಮಣೆಯ ಮೇಲೆ ಹತ್ತಿ ನಿಂತು, ಕಿಂಡಿಗೆ ಕಣ್ಣಿಟ್ಟಳು.

ಮೊದಲ ದಿನ ಗಿಂಕಾ ಪೆಟ್ಟಿಗೆಯನ್ನು ಬಳಸಿಕೊಂಡು ಹೋದಳು. ಎರಡನೆಯ ದಿನ ನಿಂತಳು, ಬಗ್ಗಿದಳು. ದೊಬ್ರಿನಾ ಉಸಿರು ಬಿಗಿಹಿಡಿದಳು. ಗಿಂಕಾ ಒಳಗೆ ಹೋಗಿ ಚೊಂಬು ತಂದು ಸಸಿಗಳಿಗೆ ನೀರು ಹಾಕಿ ಹೋದಳು. "ನೀರು ಹಾಕೋಕೆ ಇವಳ್ಯಾರು," ಎಂದು ದೊಬ್ರಿನಾ ಬಾಗಿಲಿಗೇ ಹೇಳಿದಳು. ಮೂರನೆಯ ದಿನ ಮೆಟ್ಟಿಲಲ್ಲಿ ಎದುರಾದಾಗ ಗಿಂಕಾ, "ಅಕ್ಕ, ಇಲ್ಲಿ ಗಿಡ ಇಡಬಾರ್ದು ಅಂತ ಯಾರೋ ನೋಟಿಸ್ ಹಾಕ್ಸಿದಾರೆ ನೋಡು," ಎಂದು ನಕ್ಕು ಇಳಿದುಹೋದಳು. ನಾಲ್ಕನೆಯ ದಿನ ತಿರುಗಿಯೂ ನೋಡಲಿಲ್ಲ. ದೊಬ್ರಿನಾ ಅಂದು ಮಣೆಯಿಂದ ಇಳಿದು, ಅಡುಗೆಮನೆಗೆ ಹೋಗಿ, ಕೂತು ಅತ್ತಳು. ಕದಿಯಲು ಯೋಗ್ಯವಾದದ್ದೂ ತನ್ನಲ್ಲಿ ಒಂದಿಲ್ಲವಲ್ಲ ಎಂದು ಅತ್ತಳು. ಪ್ರೊದನ್ ಬಂದು ಏನಾಯಿತು ಎಂದರೆ ಈರುಳ್ಳಿ ಎಂದಳು. ಮೇಜಿನ ಮೇಲೆ ಈರುಳ್ಳಿ ಇರಲಿಲ್ಲ.

ಐದನೆಯ ದಿನ ಚರ್ಚಿಗೆ ಹೋಗಿ ಬರುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಎಂಟೇ ಸಸಿ ಇದ್ದವು. ನಡುವೆ ಕಪ್ಪಿನ ತಳದ ಗುಂಡನೆಯ ತೇವದ ಗುರುತು.

ದೊಬ್ರಿನಾ ತಲೆವಸ್ತ್ರವನ್ನೂ ಬಿಚ್ಚದೆ ಬಾಲ್ಕನಿಗೆ ಓಡಿದಳು, ಮಂಡಿಯೂರಿದಳು, ಒಡೆದ ಮೂಲೆಗೆ ಕಣ್ಣಿಟ್ಟಳು. ಏನೂ ಕಾಣಲಿಲ್ಲ. ಆ ಕಡೆಯಿಂದ ತಡಿಕೆಯ ಉದ್ದಕ್ಕೂ ಒಂದು ದುಪ್ಪಟಿ ಇಳಿಬಿದ್ದಿತ್ತು. ಅದರ ಹಿಂದೆ ಯಾರೋ ಡಬ್ಬಕ್ಕೆ ಮಣ್ಣು ತುಂಬಿ ಅಂಗೈಯಿಂದ ಮೆಲ್ಲಗೆ ತಟ್ಟುವ ಸದ್ದು ಕೇಳುತ್ತಿತ್ತು.

ನನ್ನಿಂದ ಮುಚ್ಚಿಡುತ್ತಿದ್ದಾಳೆ. ದೊಬ್ರಿನಾಳ ಮೈಯೆಲ್ಲ ಹಗುರಾಯಿತು. ಗಿಂಕಾ ನಿಜವಾಗಿ ಆಸೆಪಟ್ಟು ಕದ್ದಳೋ, ತನಗಾಗಿ ಕದ್ದಳೋ ಎಂದು ಒಂದು ಗಳಿಗೆ ಅನ್ನಿಸಿತು. ಅದನ್ನು ಕೇಳುವುದಿಲ್ಲ, ಸತ್ತರೂ ಕೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದಳು. ಅವಳು ಹಾಗೇ ನೆಲದ ಮೇಲೆ ಕೂತು, ಮೂರು ವರ್ಷದಲ್ಲಿ ಮೊದಲ ಸಲ ನಿಜವಾಗಿ ನಕ್ಕಳು.

ನಗುತ್ತಲೇ ಅವಳ ಕಣ್ಣು ದುಪ್ಪಟಿಯ ಮೇಲೆ ನಿಂತಿತು. ಒಡೆದ ಮೂಲೆಯಿಂದ ಕಂಡಷ್ಟರಲ್ಲಿ ಒಂದು ಕಲೆಯಿಲ್ಲ. ಹಿಂದಿನ ವರ್ಷ ತಾನು ಒಣಹಾಕಿದ್ದರ ಹಳದಿ ಬಣ್ಣ ನೆನಪಾಯಿತು. ಹೊಸದಂತೂ ಅಲ್ಲ, ಅಂಚು ಸವೆದಿದೆ. ಒಡೆದ ಗಾಜಿಗೆ ಇನ್ನೂ ಹತ್ತಿರ ಬಗ್ಗಿ, ಇಷ್ಟು ಬಿಳುಪು ಬರಬೇಕಾದರೆ ಇವಳು ಏನು ಹಾಕಿ ಒಗೆಯುತ್ತಾಳೆ ಎಂದು ದೊಬ್ರಿನಾ ನೋಡತೊಡಗಿದಳು.